ಬೆಡ್‌ಶೀಟಿನ ಇನ್ನೊಂದು ತುದಿ

ರಿಹರ್ಸಲ್ ನಡೆಯುತ್ತಿದ್ದಾಗ ಹೆಣ ಗೊರಕೆ ಹೊಡೆಯಿತು.

ಹೆಣವಾಗಿದ್ದವನಿಗೆ ಹಗಲು ಕನ್ನಡಕದ ಅಂಗಡಿ ನೋಡಿಕೊಳ್ಳುವ ಕೆಲಸ. ತಂಡದಲ್ಲಿ ಅವನ ಹೆಸರೇ ಕನ್ನಡಕ. ಸಂಜೆ ಶಟರ್ ಎಳೆದು ಬಂದವನು ಎರಡು ಅಂಕ ಪ್ರೀತಿಸುತ್ತಿದ್ದ, ಮೂರನೆಯದರಲ್ಲಿ ವಿಷ ಕುಡಿಯುತ್ತಿದ್ದ, ಆಮೇಲೆ ಕಿಟಕಿಗೆ ಮುಖ ಮಾಡಿದ ಕೈಕುರ್ಚಿಯಲ್ಲಿ ಸತ್ತು ಕೂರುತ್ತಿದ್ದ. ಪ್ರೇಕ್ಷಕರಿಗೆ ಕಾಣುವುದು ಅವನ ಬೆನ್ನು, ತಲೆ, ಒಂದು ಮೊಣಕೈ.

"ಏಯ್ ಕನ್ನಡಕ, ಸತ್ತಿದ್ದೀಯ ಕಣೋ ನೀನು!" ಕತ್ತಲೆಯಿಂದ ಮೇಷ್ಟ್ರು ಕೂಗಿದರು. ನಿರ್ದೇಶಕರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಹಿಂದೆ ಶಾಲೆಯಲ್ಲಿ ಚಿತ್ರ ಬಿಡಿಸಲು ಕಲಿಸುತ್ತಿದ್ದರಂತೆ.

"ಗೊತ್ತು ಮೇಷ್ಟ್ರೇ. ಅದಕ್ಕೇ ಆರಾಮಾಗಿ ಮಲಗಿದೆ."

ಎಲ್ಲರೂ ನಕ್ಕರು. ನಾಯಕಿ ನಗಲಿಲ್ಲ. ಅವಳ ಕಣ್ಣಲ್ಲಿ ನಿಜವಾದ ನೀರಿತ್ತು. ಈ ದೃಶ್ಯ ಆಗುತ್ತಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ನಾಯಕಿ ನನ್ನ ನಾದಿನಿ, ನನ್ನ ಗಂಡನ ತಂಗಿ. ಅದಕ್ಕೂ ಮೊದಲು ಕಾಲೇಜಿನಲ್ಲಿ ನನ್ನ ಬೆಂಚಿನ ಗೆಳತಿ. ಅವಳ ಮನೆಗೆ ನೋಟ್ಸ್ ಕೇಳಲು ಹೋಗಿಯೇ ನಾನು ಅವನನ್ನು ನೋಡಿದ್ದು.

ಅವನು ತೀರಿಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. "ಅತ್ತಿಗೆ, ಗೋಡೆ ನೋಡ್ತಾ ಕೂರೋ ಬದ್ಲು ಬಂದು ಪುಟ ತಿರುಗಿಸು. ಗೋಡೆಗಿಂತ ವಾಸಿ" ಎಂದು ನಾದಿನಿ ನನ್ನನ್ನು ಎಳೆದುಕೊಂಡು ಬಂದಿದ್ದಳು. ಹಾಗೆ ನಾನು ಪ್ರಾಂಪ್ಟರ್ ಆದೆ. ಪಕ್ಕದ ಪರದೆಯ ಹಿಂದೆ ಒಂದು ಸ್ಟೂಲು, ತೊಡೆಯ ಮೇಲೆ ನಾಟಕದ ಪ್ರತಿ, ಕೈಯಲ್ಲಿ ಸಣ್ಣ ಟಾರ್ಚು. ಮೇಷ್ಟ್ರು ಮೊದಲ ದಿನವೇ ಹೇಳಿದ್ದರು: ನಟರು ಸುಮ್ಮನಾದ ತಕ್ಷಣ ಹೇಳಿಕೊಡಬಾರದು, ಅದು ಮೌನವಿರಬಹುದು. ಅವರ ಕಣ್ಣು ನಿನ್ನ ಕಡೆ ತಿರುಗಿದರೆ ಮಾತ್ರ ಮರೆತಿದ್ದಾರೆ ಅಂತ. ಆಗ ಮೊದಲ ಎರಡು ಪದ ಕೊಡು. ನಟರಿಗೆ ಕೇಳಬೇಕು, ಮೊದಲ ಸಾಲಿಗೆ ಕೇಳಬಾರದು.

ಆ ಕೆಲಸ ನನಗೆ ಸರಿಹೋಯಿತು. ಮಾತೆಲ್ಲ ಬೇರೆಯವರದು.

"ನೀನ್ಯಾಕಮ್ಮ ಅಳ್ತಾ ಒಳಗೆ ಬರ್ತೀಯ?" ಮೇಷ್ಟ್ರು ಈಗ ವೇದಿಕೆಯ ಅಂಚಿಗೆ ಬಂದಿದ್ದರು. "ಅವನು ಸತ್ತಿದ್ದಾನೆ ಅಂತ ನಿಂಗೆ ಹೇಳ್ದೋರು ಯಾರು?"

"ಯಾರೂ ಇಲ್ಲ ಮೇಷ್ಟ್ರೇ."

"ಮತ್ತೆ? ವಿಷ ಕುಡಿದಿದ್ದು ಕೂತಿರೋ ಜನ ನೋಡಿದ್ದಾರೆ. ನೀನು ನೋಡಿಲ್ಲ. ನೀನು ಬರ್ತಾ ಇರೋದು ಅಪ್ಪ ಮದುವೆಗೆ ಒಪ್ಪಿದ ಅಂತ ಹೇಳೋಕೆ. ಅದೂ ತಕ್ಷಣ ಹೇಳಲ್ಲ, ಸತಾಯಿಸಿ ಹೇಳ್ತೀನಿ ಅಂತ ಒಳಗೊಳಗೇ ನಗ್ತಾ ಬರ್ತೀಯ. ನೀನು ನಕ್ಕಷ್ಟೂ ಅವರಿಗೆ ಉಸಿರು ಕಟ್ಟಬೇಕು. ನೀನೇ ಅತ್ಬಿಟ್ರೆ ಅವರಿಗೆ ಇನ್ನೇನು ಕೆಲಸ ಉಳೀತು? ಕೆಮ್ಮೋದು."

"ನಗೋಕೆ ನೋಡ್ತೀನಿ. ಕುರ್ಚಿ ನೋಡಿದ ತಕ್ಷಣ ಆಗಲ್ಲ."

"ನಾಳೆವರೆಗೂ ನೋಡು. ಆಗದಿದ್ರೆ ಇಡೀ ದೃಶ್ಯ ತೆಗೆದುಹಾಕ್ತೀನಿ. ಬಾಗಿಲು ತೆಗೀತೀಯ, ನೋಡ್ತೀಯ, ಕಿರುಚ್ತೀಯ, ಪರದೆ."

ನಾದಿನಿ ಮುಖ ಒರೆಸಿಕೊಂಡಳು. ಈ ನಾಟಕಕ್ಕಾಗಿ ಅವಳು ಕೆಲಸ ಬಿಟ್ಟಿದ್ದಳು. ನಾಟಕ ಅಂದರೆ ಮುಖ ಸಿಂಡರಿಸುತ್ತಿದ್ದ ಅತ್ತೆ ಮೊದಲ ಸಲ ನೋಡಲು ಬರುತ್ತೇನೆ ಅಂದಿದ್ದರು.

ಎಂ.ಎ. ಪರೀಕ್ಷೆಯಲ್ಲಿ ನಾನು ಈ ಬಗ್ಗೆ ಬರೆದಿದ್ದೆ. ಪ್ರೇಕ್ಷಕರಿಗೆ ತಿಳಿದದ್ದು ಪಾತ್ರಕ್ಕೆ ತಿಳಿಯದೆ ಇದ್ದಾಗ ಆತಂಕ ಹುಟ್ಟುತ್ತದೆ, ಇತ್ಯಾದಿ. ಒಳ್ಳೆಯ ಅಂಕ ಬಂದಿತ್ತು. ಆ ಹೊತ್ತಿನಲ್ಲಿ ಆ ಪಾತ್ರದ ಕೈ ಏನು ಮಾಡುತ್ತಿರುತ್ತದೆ ಎಂದು ಯಾರೂ ಕೇಳಿರಲಿಲ್ಲ.

"ಅವಳ ಕೈಗೆ ಕೆಲಸ ಕೊಡಿ" ಎಂದೆ.

ಎಲ್ಲರೂ ಪರದೆಯ ಕಡೆ ತಿರುಗಿದರು. ಪ್ರಾಂಪ್ಟರ್ ಬಾಯಿಂದ ಸ್ವಂತ ಮಾತು ಬಂದದ್ದು ಅದೇ ಮೊದಲು.

"ಏನು ಕೆಲಸ ತಾಯಿ?"

"ಬೆಡ್‌ಶೀಟು ಮಡಚೋದು. ದೊಡ್ಡದು. ಒಬ್ಬರ ಕೈಲಿ ಆಗಬಾರದು."

ಮಂಚದ ಮೇಲಿದ್ದುದನ್ನೇ ಎಳೆದು ಕೊಟ್ಟರು. ನಾದಿನಿ ಒಂದು ತುದಿ ಹಿಡಿದು ಇನ್ನೊಂದನ್ನು ಕುರ್ಚಿಯ ಕಡೆ ಎಸೆದಳು, ಎಸೆದು ಅವನನ್ನು ನೋಡಿದಳು.

"ನೋಡಬೇಡ" ಎಂದೆ. "ಮನೆಯವರ ಕೈಗೆ ಬೆಡ್‌ಶೀಟ್ ಕೊಡುವಾಗ ಯಾರೂ ಮುಖ ನೋಡಲ್ಲ. ಹಿಡ್ಕೋ ಅನ್ನು. ಅಂದು, ಬೇರೆ ಏನೋ ಎತ್ತಿಡು. ಮಾತಾಡ್ತಾನೇ ಇರು. ಆಮೇಲೆ ಎಳಿ."

ಎಳೆದಳು. ಬಟ್ಟೆ ಜಾರಿ ಬಂತು.

"ಜಾರಬಾರದು. ಬಿಗಿಯಾಗಬೇಕು. ಕುರ್ಚಿಗೆ ಎಲ್ಲೋ ಸಿಕ್ಕಿಕೊಂಡಿರುತ್ತೆ. ಅವಳಿಗೆ ಅವನೇ ಹಿಡ್ಕೊಂಡ ಅಂತ ಅನ್ನಿಸುತ್ತೆ. 'ಸದ್ಯ, ಹಿಡ್ಕೊಂಡೆಯಲ್ಲ' ಅಂತಾಳೆ. ಆಮೇಲೆ ತನ್ನ ತುದಿ ತಗೊಂಡು ಅವನ ತುದಿಗೆ ಸೇರಿಸೋಕೆ ನಡ್ಕೊಂಡು ಹೋಗ್ತಾಳೆ. ಹತ್ತಿರ ಹೋಗಲೇಬೇಕಲ್ಲ, ಮಡಚೋಕೆ."

ಮೇಷ್ಟ್ರು ಕುರ್ಚಿಯ ಬಳಿ ಹೋಗಿ ಕನ್ನಡಕನ ಮೊಣಕೈ ಎತ್ತಿ ಬಟ್ಟೆಯ ಮೂಲೆಯನ್ನು ಅದರ ಕೆಳಗೆ ಇಟ್ಟರು. "ಇಲ್ಲಿ ಬಂದು ಬಿದ್ದಾಗ ಒತ್ತಿ ಹಿಡ್ಕೋ. ಒಂದು ಕೂದಲೂ ಅಲ್ಲಾಡಬಾರದು."

"ಸತ್ತವನಿಗೆ ಇಷ್ಟೊಂದು ಕೆಲಸಾನಾ ಮೇಷ್ಟ್ರೇ?"

ಮತ್ತೆ ಮಾಡಿದರು. ಬಟ್ಟೆ ಹಾರಿತು, ಬಿತ್ತು, ಬಿಗಿಯಾಯಿತು. ನಾದಿನಿ ನಗುತ್ತಾ "ಸದ್ಯ" ಅಂದಳು. ಅವಳು ಮೂಲೆಗಳನ್ನು ಜೋಡಿಸಿಕೊಂಡು ಹೆಜ್ಜೆ ಇಡತೊಡಗಿದಾಗ ಹಾಲ್‌ನ ಹಿಂದಿನಿಂದ ಯಾರೋ "ಬೇಡ, ಬೇಡ" ಅಂದರು. ಅದು ಲೈಟಿನವನು.

ನಾನು ಟಾರ್ಚು ಆರಿಸಿದೆ.

ಒಂದು ಮಾತನ್ನು ಮಾತ್ರ ನಾನು ಅವರಿಗೆ ಕೊಟ್ಟಿರಲಿಲ್ಲ.

ಅವತ್ತು ಭಾನುವಾರ. ನನ್ನ ಗಂಡ ಕಿಟಕಿಯ ಪಕ್ಕ ಬೆತ್ತದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದ. ನಾನು ಮಹಡಿಯಿಂದ ಒಣಗಿದ ಬಟ್ಟೆ ತಂದು ಮಂಚದ ಮೇಲೆ ಸುರಿದೆ. ನೀರಿನ ಟ್ಯಾಂಕು ತೊಳೆಯುವವನು ಬರಲಿಲ್ಲ ಎಂದು ಶುರು ಮಾಡಿದೆ. ದಿಂಬಿನ ಕವರು, ಟವೆಲ್ಲು, ಅವನ ಶರಟು. ಆಮೇಲೆ ಬೆಡ್‌ಶೀಟಿನ ತುದಿ ಅವನ ತೊಡೆಯ ಮೇಲೆ ಎಸೆದು ಅಂದೆ: "ಹಿಡ್ಕೊಳ್ಳೋ ಮಹರಾಯ, ಕೈ ಸೋತು ಹೋಯ್ತು."

ನಾನು ಅವನನ್ನು ಕರೆಯುತ್ತಿದ್ದದ್ದೇ ಹಾಗೆ. ಅತ್ತೆಗೆ ಅದು ಹಿಡಿಸುತ್ತಿರಲಿಲ್ಲ. "ಗಂಡನ್ನ ಮಹರಾಯ ಅಂತಾರಾ ಯಾರಾದ್ರೂ? ಸಂತೆಯಲ್ಲಿ ಎತ್ತು ಓಡಿಸ್ತಿದ್ದೀಯಾ?" ಎನ್ನುತ್ತಿದ್ದರು. ಅವನು ನಗುತ್ತಿದ್ದ.

ಬೆತ್ತದ ಕುರ್ಚಿಯ ಕೈ ಒಂದು ಕಡೆ ಬಿಚ್ಚಿಕೊಂಡಿತ್ತು. ಬಟ್ಟೆಯ ಮೂಲೆ ಅದಕ್ಕೆ ಸಿಕ್ಕಿತ್ತು. ಉಳಿದದ್ದನ್ನು ನಾನು ಮೇಷ್ಟ್ರಿಗೆ ಹೇಳಿಕೊಟ್ಟೆನಲ್ಲ, ಹಾಗೇ ಆಯಿತು.

ಏನೂ ಮಾಡಲಾಗುತ್ತಿರಲಿಲ್ಲ, ಕುರ್ಚಿಯಲ್ಲಿ ಕೂತ ಸ್ವಲ್ಪ ಹೊತ್ತಿಗೇ ಹೋಗಿರಬೇಕು ಎಂದು ಡಾಕ್ಟರು ಹೇಳಿದರು. ಅಂದರೆ ಟ್ಯಾಂಕಿನ ಮಾತಿಗೂ ಮೊದಲು.

ಅವನನ್ನು ಕುರ್ಚಿಯಿಂದ ಇಳಿಸುವ ಮೊದಲೇ ಊರಿಂದ ಬಂದಿಳಿದ ಅತ್ತೆ, ಅವನ ಕಾಲ ಮೇಲೆ ಬಿದ್ದಿದ್ದ ಬೆಡ್‌ಶೀಟು ನೋಡಿದರು. "ಚಳಿ ಅಂದ್ನಾ? ನೀನು ಹೊದಿಸಿದ್ಯಾ?" ಎಂದು ಕೇಳಿದರು. ನಾನು ತಲೆ ಆಡಿಸಿದೆ. ಅಷ್ಟೇ. ಅದನ್ನೇ ಅವರು ಹಿಡಿದುಕೊಂಡರು. ಮಾತಾಡಿಸಲು ಬಂದವರಿಗೆಲ್ಲ ಹೇಳಿದರು, ಫೋನಿನಲ್ಲೂ ಹೇಳಿದರು: "ನನ್ನ ಸೊಸೆ ಬೆಚ್ಚಗೆ ಹೊದಿಸಿದ್ಲು. ಮಗು ಹಾಗೆ ನಿದ್ದೆಯಲ್ಲೇ ಹೋದ." ಆ ಮಾತು ಹೇಳಿದ ಮೇಲೆ ಅವರಿಗೆ ಊಟ ಸೇರುತ್ತಿತ್ತು. ನಾನು ಕಣ್ಣಾರೆ ನೋಡಿದ್ದೇನೆ.

ಈಗ ಅವರು ಮೊದಲ ಸಾಲಿನಲ್ಲಿ ಕೂತು ಒಬ್ಬಳು ಕುರ್ಚಿಯಲ್ಲಿ ಸತ್ತವನ ಮೇಲೆ ಬೆಡ್‌ಶೀಟ್ ಎಸೆಯುವುದನ್ನು ನೋಡಬೇಕು.

ಮರುದಿನವೇ ಮೇಷ್ಟ್ರನ್ನು ಕೇಳಿದೆ. "ಅದನ್ನ ತೆಗೆದುಬಿಡಿ. ಬೇರೆ ಏನಾದ್ರೂ ಮಡಚಲಿ."

"ಏನು ಮಡಚ್ಲಿ? ಕರ್ಚೀಫಾ? ನಿನ್ನೆ ಲೈಟಿನವನ ಕೈಲಿ ಟೀ ತಣ್ಣಗಾಗಿ ಕೆನೆ ಕಟ್ಟಿತ್ತು. ಅವನು ನನ್ನ ಯಾವ ನಾಟಕಾನೂ ತಲೆ ಎತ್ತಿ ನೋಡಿದವನಲ್ಲ." ಅವರು ನನ್ನ ಕಡೆ ತಿರುಗಿದರು. "ಎಲ್ಲಿಂದ ತಂದೆ ಅಂತ ನಾನು ಕೇಳಲ್ಲ. ತಂದಿದ್ದನ್ನ ವಾಪಸ್ ಕೇಳಬೇಡ."

ನಾದಿನಿಗೆ ಹೇಳಲಾಗಲಿಲ್ಲ. ಅವಳು ಬಸ್ಸಿನಲ್ಲಿ ನನ್ನ ತೋಳು ಹಿಡಿದು "ಅತ್ತಿಗೆ, ನೀನು ನನ್ನ ದೃಶ್ಯ ಉಳಿಸಿದೆ ಕಣೇ" ಎನ್ನುತ್ತಿದ್ದಳು.

ಅತ್ತೆಯನ್ನು ತಡೆಯುವುದೊಂದೇ ದಾರಿ ಅನ್ನಿಸಿತು.

"ಅಲ್ಲಿ ಕುರ್ಚಿ ಬಹಳ ಗಟ್ಟಿ ಅತ್ತೆ. ನಿಮ್ಮ ಸೊಂಟಕ್ಕೆ ಆಗಲ್ಲ."

"ಸೊಂಟ ನಂದು, ಕುರ್ಚಿ ಅವರದು. ಮಧ್ಯೆ ನಿಂಗೇನು ನೋವು?"

"ನಾಟಕದಲ್ಲಿ ಸಾವಿದೆ."

ಅವರು ತರಕಾರಿ ಹೆಚ್ಚುತ್ತಿದ್ದರು. ಚಾಕು ನಿಂತಿತು. ಮತ್ತೆ ಆಡಿತು. "ಇರಲಿ. ಅದೇನು ನಮ್ಮನೆಗೆ ಹೊಸದಾ?"

ಇನ್ನೇನು ಹೇಳುವುದು? ನಾಟಕದ ದಿನ ಹತ್ತಿರವಾದಂತೆ ಎಲ್ಲಿ ಕುರ್ಚಿ ಕಂಡರೂ ಅದರ ಕೈ ನೋಡುತ್ತಿದ್ದೆ. ಅತ್ತೆ ನೆರೆಮನೆಯವರ ಜೊತೆ ಮಾತಾಡುವಾಗ ಆ ವಾಕ್ಯ ಬರುತ್ತದೆಯೇ ಎಂದು ಬಾಗಿಲ ಹಿಂದೆ ನಿಂತು ಕಾಯುತ್ತಿದ್ದೆ. ಬರುತ್ತಿತ್ತು. ಬೆಚ್ಚಗೆ ಹೊದಿಸಿದ್ಲು.

ನಾಟಕದ ಸಂಜೆ ಅವರು ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತರು. ನನ್ನ ಸ್ಟೂಲಿನಿಂದ ಪರದೆಯ ಸಂದಿಯಲ್ಲಿ ಅವರ ಅರ್ಧ ಮುಖ ಕಾಣುತ್ತಿತ್ತು. ಎರಡು ಅಂಕ ಮುಗಿದವು. ಕನ್ನಡಕ ಪ್ರೀತಿಯಲ್ಲಿ ಒಂದು ಮಾತು ಮರೆತ, ನಾನು ಕೊಟ್ಟೆ, ಯಾರಿಗೂ ಕೇಳಿಸಲಿಲ್ಲ. ಅತ್ತೆ ಒಂದು ಸಲ ನಕ್ಕರು. ಅವರು ನಕ್ಕದ್ದು ನೋಡಿ ನನಗೆ ಇನ್ನೂ ಭಯವಾಯಿತು.

ಮೂರನೇ ಅಂಕ. ಅವನು ಲೋಟ ಎತ್ತಿದ, ಕುಡಿದ, ಕುರ್ಚಿಗೆ ಹೋಗಿ ಕೂತ. ಪೇಪರ್ ಕೈಯಿಂದ ಜಾರಿತು. ಪೇಪರ್ ಯಾವಾಗ ಬಂತು? ನಾನು ಹೇಳಿರಲಿಲ್ಲ. ಮೇಷ್ಟ್ರು ತಾವೇ ಸೇರಿಸಿದ್ದರು.

ನಾದಿನಿ ಬಾಗಿಲು ತೆರೆದಳು. ಒಳಗೊಳಗೇ ನಗುತ್ತಿದ್ದಳು. ಅಪ್ಪ ಒಪ್ಪಿದ್ದಾನೆ. ಆದರೆ ಈಗಲೇ ಹೇಳುವುದಿಲ್ಲ. "ಇವತ್ತು ಏನಾಯ್ತು ಗೊತ್ತಾ? ಹೇಳಲ್ಲ. ಮೊದ್ಲು ಈ ರೂಮಿನ ಗತಿ ನೋಡು" ಎನ್ನುತ್ತಾ ಮಂಚದ ಮೇಲಿದ್ದುದನ್ನೆಲ್ಲ ಎತ್ತಿಡತೊಡಗಿದಳು. ಹಾಲ್‌ನಲ್ಲಿ ಕೆಮ್ಮಿಲ್ಲ. ಫ್ಯಾನಿನ ಸದ್ದು ಕೇಳುತ್ತಿತ್ತು. ಜನರಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅವಳು ಒಂದೊಂದು ಮಾತು ಆಡಿದಾಗಲೂ ಸಾಲುಗಳಲ್ಲಿ ಮೈಗಳು ಸ್ವಲ್ಪ ಮುಂದೆ ಬಾಗುತ್ತಿದ್ದವು. ಅತ್ತೆಯ ಕೈ ಚೀಲದ ಹಿಡಿಯ ಮೇಲಿತ್ತು.

"ಹಿಡ್ಕೋ" ಎಂದು ನಾದಿನಿ ನೋಡದೆ ಎಸೆದಳು.

ಬಟ್ಟೆ ದೂರ ಹೋಯಿತು. ಕನ್ನಡಕನ ಮೊಣಕೈ ದಾಟಿ ಭುಜಕ್ಕೆ ಬಡಿದು, ಕುರ್ಚಿಯ ಆಚೆ ಬದಿಗೆ ಜಾರಿತು. ಅವನು ಹಿಡಿಯುವಂತಿಲ್ಲ. ಅವನು ಸತ್ತಿದ್ದಾನೆ. ಅವನ ಕತ್ತಿನ ನರ ಉಬ್ಬಿದ್ದು ನನಗೆ ಕಂಡಿತು.

ನಾದಿನಿ ಎಳೆದಳು. ಬಿಗಿಯಾಗಲಿಲ್ಲ. ಇಡೀ ಬೆಡ್‌ಶೀಟು ನೆಲದ ಮೇಲೆ ಸರಿದು ಅವಳ ಕಾಲ ಬಳಿ ಬಂತು.

ಮುಂದಿನ ಮಾತು "ಸದ್ಯ, ಹಿಡ್ಕೊಂಡೆಯಲ್ಲ." ಅದನ್ನು ಹೇಳುವಂತಿಲ್ಲ. ಅವಳು ನಿಂತಳು. ಮೌನವೋ ಮರೆವೋ? ಕಾದೆ. ಅವಳು ಕುರ್ಚಿಯ ಕಡೆ ನೋಡಿದರೆ ಮುಗಿಯಿತು, ನೋಡಿದ ಮೇಲೂ ಗೊತ್ತಾಗದಿರಲು ಸಾಧ್ಯವಿಲ್ಲ. ಅವಳು ನೋಡಲಿಲ್ಲ. ಅವಳ ಕಣ್ಣು ನಿಧಾನವಾಗಿ ನನ್ನ ಕಡೆ ತಿರುಗಿತು.

ಪುಟದಲ್ಲಿ ಈ ಸ್ಥಿತಿಗೆ ಮಾತಿರಲಿಲ್ಲ. ಇನ್ನೊಂದು ಕ್ಷಣ ಕಳೆದಿದ್ದರೆ ಯಾರಾದರೂ ನಗುತ್ತಿದ್ದರು.

"ಹಿಡ್ಕೊಳ್ಳೋ ಮಹರಾಯ, ಕೈ ಸೋತು ಹೋಯ್ತು."

ಎರಡು ಪದ ಸಾಕಿತ್ತು. ಪಿಸುದನಿ ಸಾಕಿತ್ತು. ನಾನು ಮನೆಯಲ್ಲಿ ಹೇಳಿದ ಹಾಗೇ, ಅಷ್ಟೇ ದನಿಯಲ್ಲಿ, ಪೂರ್ತಿ ಹೇಳಿಬಿಟ್ಟಿದ್ದೆ. ಆ ಮೌನದಲ್ಲಿ ಅದು ಕೊನೆಯ ಸಾಲಿನವರೆಗೂ ಹೋಯಿತು.

ನಾದಿನಿಯ ಕಣ್ಣು ನನ್ನ ಮೇಲೆಯೇ ಇತ್ತು. ಅದರಲ್ಲಿ ಏನೋ ಬಂದು ನಿಂತಿತು. ಅಣ್ಣನನ್ನು ನಾನು ಕರೆಯುತ್ತಿದ್ದ ಬಗೆ ಅವಳಿಗೂ ಗೊತ್ತು. ಆ ಕುರ್ಚಿ, ಆ ಬೆಡ್‌ಶೀಟು, ಎಲ್ಲ ಅವಳಿಗೆ ಆ ಕ್ಷಣದಲ್ಲಿ ಗೊತ್ತಾಯಿತು. ಈಗ ಅಳುತ್ತಾಳೆ ಎಂದುಕೊಂಡೆ.

ಅವಳು ಬಾಗಿ ಬಟ್ಟೆ ಎತ್ತಿಕೊಂಡಳು.

"ಹಿಡ್ಕೊಳ್ಳೋ ಮಹರಾಯ" ಎಂದಳು. ನಗುತ್ತಲೇ ಅಂದಳು. "ಕೈ ಸೋತು ಹೋಯ್ತು. ಒಂದು ಕೆಲಸಕ್ಕೂ ಆಗಲ್ವಲ್ಲ ನೀನು." ಮುಖ ಆಚೆ ತಿರುಗಿಸಿಕೊಂಡೇ ಕುರ್ಚಿಯ ಹಿಂದೆ ಹಾದು, ಬಟ್ಟೆಯ ಮೂಲೆಯನ್ನು ಅವನ ಮೊಣಕೈಯ ಬಳಿ ತುರುಕಿ, ಮಾತಾಡುತ್ತಾ ತನ್ನ ತುದಿಗೆ ವಾಪಸು ಬಂದಳು. ಎಳೆದಳು. ಬಿಗಿಯಾಯಿತು.

"ಸದ್ಯ, ಹಿಡ್ಕೊಂಡೆಯಲ್ಲ."

ಹಾಲ್‌ನಲ್ಲಿ ಒಬ್ಬರ ಬಾಯಿಂದ ಸದ್ದು ಬಂತು. ನಾನು ಸಂದಿಯಲ್ಲಿ ನೋಡಲಿಲ್ಲ. ನಾದಿನಿ ಮೂಲೆಗಳನ್ನು ಜೋಡಿಸಿ, ಬಟ್ಟೆಯನ್ನು ಎದೆಗೊತ್ತಿಕೊಂಡು, ಅಪ್ಪ ಒಪ್ಪಿದ ಸುದ್ದಿಯನ್ನು ಹೇಳುತ್ತಾ ಹೇಳುತ್ತಾ ಕುರ್ಚಿಯ ಕಡೆ ನಡೆದಳು. ಅವಳ ಬೆರಳು ಅವನ ಕೈಗೆ ತಾಗಿತು. ಆಮೇಲಿನ ಮಾತುಗಳೆಲ್ಲ ಪುಟದಲ್ಲಿದ್ದವು. ನಾನು ಪುಟ ತಿರುಗಿಸಲಿಲ್ಲ.

ಪರದೆ ಬಿದ್ದ ಮೇಲೆ ಚಪ್ಪಾಳೆ ಬಹಳ ಹೊತ್ತು ಇತ್ತು. ಕನ್ನಡಕ ಕುರ್ಚಿಯಿಂದ ಎದ್ದು ಕಾಲು ಜಾಡಿಸಿದ. "ನನ್ನ ಜನ್ಮದಲ್ಲಿ ಇಷ್ಟು ಕಷ್ಟಪಟ್ಟು ಸತ್ತಿಲ್ಲ" ಎಂದ. ಮೇಷ್ಟ್ರು ನನ್ನ ಹತ್ತಿರ ಬಂದರು. ಅಷ್ಟು ಜೋರಾಗಿ ಹೇಳಿಕೊಟ್ಟಿದ್ದಕ್ಕೆ ಬೈಯುತ್ತಾರೆ ಎಂದುಕೊಂಡೆ. "ಜನ ಅದೂ ನಾಟಕದಲ್ಲೇ ಇದೆ ಅಂದ್ಕೊಂಡಿದ್ದಾರೆ ತಾಯಿ" ಎಂದರು. "ಯಾರೋ ಒಬ್ಬರು, ಆ ದನಿ ಯಾರದು ಅಂತ ಕೇಳ್ತಿದ್ರು." ಅಷ್ಟು ಹೇಳಿ ಹೋದರು.

ನಾನು ಬಣ್ಣದ ಕೋಣೆಗೆ ಹೋದೆ. ಹಿಂದಿನ ಬಾಗಿಲಿಂದ ಹೊರಟುಬಿಡಬಹುದಿತ್ತು. ಕಾಲು ಬರಲಿಲ್ಲ. ನಾದಿನಿ ಕನ್ನಡಿಯ ಮುಂದೆ ಅರ್ಧ ಬಣ್ಣ ತೆಗೆದ ಮುಖದಲ್ಲಿ ಕೂತಿದ್ದಳು. ಕನ್ನಡಿಯಲ್ಲೇ ನನ್ನನ್ನು ನೋಡಿದಳು.

"ಅತ್ತಿಗೆ."

"ಹೂಂ."

"ಅಮ್ಮ ಬರ್ತಿದಾಳೆ."

ಅತ್ತೆ ಒಳಗೆ ಬಂದರು. ಬಾಗಿಲು ಮುಂದೆ ಮಾಡಿದರು. ಕೈಚೀಲವನ್ನು ಮೇಜಿನ ಮೇಲಿಟ್ಟರು. ಮೇಜಿನ ಮೇಲೆ ಬೆಡ್‌ಶೀಟು ಮುದ್ದೆಯಾಗಿ ಬಿದ್ದಿತ್ತು. ಅವರು ಅದನ್ನು ನೋಡಿದರು, ಮುಟ್ಟಲಿಲ್ಲ.

"ಅದು ನಿನ್ನ ದನಿ" ಎಂದರು.

"ಹೌದು ಅತ್ತೆ."

"ನೀನು ಹೊದಿಸಿರಲಿಲ್ಲ."

"ಇಲ್ಲ."

"ಮಡಚ್ತಿದ್ದೆ."

"ಹೂಂ."

ನಾದಿನಿಯ ಕೈಯಲ್ಲಿದ್ದ ಹತ್ತಿ ನಿಂತಲ್ಲೇ ನಿಂತಿತ್ತು. ಹೊರಗೆ ಯಾರೋ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು.

"ಎಷ್ಟು ಜನಕ್ಕೆ ಹೇಳ್ಕೊಂಡು ಬಂದೆ ನಾನು" ಎಂದರು ಅತ್ತೆ. "ನೀನು ಪಕ್ಕದಲ್ಲೇ ನಿಂತಿರ್ತಿದ್ದೆ. ಅತ್ತೆ, ಹಾಗಲ್ಲ ಅಂತ ಒಂದು ಮಾತು ಅನ್ನಬಾರದಿತ್ತಾ?"

"ಹೇಳಿದ ಮೇಲೆ ನೀವು ಊಟ ಮಾಡ್ತಿದ್ರಿ" ಎಂದೆ.

ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ, ಬಹಳ ಮೆಲ್ಲಗೆ, "ಹಿಡ್ಕೊಂಡ್ನಾ?" ಎಂದರು.

"ಹಿಡ್ಕೊಂಡ ಹಾಗಿತ್ತು ಅತ್ತೆ. ಬಿಗಿಯಾಗಿತ್ತು. ಕುರ್ಚಿಯ ಬೆತ್ತಕ್ಕೆ ಸಿಕ್ಕಿತ್ತು ಅಂತ ಆಮೇಲೆ ಗೊತ್ತಾಯ್ತು."

"ಬೆತ್ತವೇ ಇರಬೇಕು ಬಿಡು. ಹುಟ್ಟಿದಾಗಿಂದ ಒಂದು ಬಟ್ಟೆ ಮಡಚಿದವನಲ್ಲ ಅವನು. ಹಿಡ್ಕೋ ಅಂದ್ರೆ ಕಿವೀನೇ ಕೇಳಿಸ್ತಿರಲಿಲ್ಲ."

ನಾದಿನಿಯ ಬಾಯಿಂದ ನಗುವೋ ಅಳುವೋ ಒಂದು ಬಂತು. ಅತ್ತೆಯ ತುಟಿಯೂ ಅದುರಿತು. ನನಗೆ ಎರಡೂ ಬರಲಿಲ್ಲ. ಗೋಡೆಗೆ ಒರಗಿದೆ.

ಅತ್ತೆ ಒಂದು ಕುರ್ಚಿ ಎಳೆದು ಕೂತರು. ಇನ್ನೊಂದನ್ನು ಕಾಲಿನಿಂದ ನನ್ನ ಕಡೆ ದೂಡಿದರು.

"ಏನು ಮಾತಾಡ್ತಿದ್ದೆ ಅವನ ಹತ್ರ?"

"ಏನೂ ಇಲ್ಲ. ಮನೆ ಮಾತು."

"ಅದೇ. ಯಾವ ಮಾತು? ಒಂದೂ ಬಿಡದೆ ಹೇಳು."

"ಅವನಿಗೆ ಕೇಳಿಸಿರಲ್ಲ ಅತ್ತೆ. ಡಾಕ್ಟರು ಹೇಳಿದ್ದು..."

"ಡಾಕ್ಟರು ಅಲ್ಲಿದ್ನಾ?" ಎಂದರು ಅತ್ತೆ. "ನೀನಿದ್ದೆ. ಹೇಳು."

ನಾನು ಕೂತೆ. ಪುಟವಿರಲಿಲ್ಲ, ಟಾರ್ಚಿರಲಿಲ್ಲ. ಅವರಿಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ನೀರಿನ ಟ್ಯಾಂಕಿನಿಂದ ಶುರು ಮಾಡಿದೆ.